ನೂಲು ಬಿಚ್ಚುವ ಮನೆಯ ಮೇಲೆ

ಹೋದ ತಿಂಗಳು ನಮ್ಮ ಶಾಲೆಯ ಹುಡುಗಿಯರನ್ನು ಖೊ-ಖೊ ಪಂದ್ಯಕ್ಕೆಂದು ರಾಮನಗರಕ್ಕೆ ಕರೆದುಕೊಂಡು ಹೋಗಿದ್ದೆ. ಪಂದ್ಯ ಮುಗಿಸಿ ಹೊರಟಾಗ ಮುಖ್ಯರಸ್ತೆಯಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು. ನಮ್ಮ ವ್ಯಾನಿನ ಡ್ರೈವರ್ ಒಳದಾರಿಗೆ ತಿರುಗಿಸಿದ. ಎರಡನೇ ತಿರುವಿನಲ್ಲಿ ಆ ವಾಸನೆ ಬಂತು. ಹುಡುಗಿಯರೆಲ್ಲ ಒಟ್ಟಿಗೆ ಮೂಗು ಮುಚ್ಚಿಕೊಂಡರು.

"ಅಯ್ಯಪ್ಪಾ, ಏನ್ ಮಿಸ್ ಇದು? ಏನೋ ಸತ್ತೋಗೈತೆ!" ಎಂದಳು ಒಬ್ಬಳು.

"ಏನೂ ಸತ್ತಿಲ್ಲ ಕಣ್ರೇ, ರೇಷ್ಮೆ ತೆಗೀತಾವ್ರೆ" ಎಂದೆ. ಆಮೇಲೆ ಯೋಚಿಸಿದರೆ ಅವಳು ಹೇಳಿದ್ದೇ ಸರಿ. ಕುದಿಯುವ ನೀರಿನಲ್ಲಿ ಬೇಯುವುದು ಗೂಡಿನೊಳಗಿನ ಹುಳುವೇ. ಅಂಥದೇ ಒಂದು ಬೀದಿಯಲ್ಲಿ, ಅದೇ ವಾಸನೆಯ ಮೇಲೆ, ನಾನು ಒಂಬತ್ತು ತಿಂಗಳು ಸಂಸಾರ ಮಾಡಿದ್ದೆ.

ನನ್ನ ತವರು ಮಾಗಡಿ. ಕಾಲೇಜಿನಲ್ಲಿ ನಾಲ್ಕು ವರ್ಷ ಖೊ-ಖೊ ಆಡಿ, ಆಮೇಲೆ ಬಿ.ಪಿ.ಎಡ್. ಮಾಡಿ, ಎಲ್ಲಾದರೂ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಬೇಕೆಂದು ಕಾಯುತ್ತಿದ್ದಾಗ ಮದುವೆಯಾಯಿತು. ನನ್ನ ಗಂಡ ನವೀನ್ ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನವರು. ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ. ವಾಲಿಬಾಲ್ ಚೆನ್ನಾಗಿ ಆಡುತ್ತಿದ್ದರು. ಹೆಣ್ಣು ನೋಡಲು ಬಂದ ದಿನ ಕಾಫಿ ಲೋಟ ಕೆಳಗಿಡುತ್ತ, "ನೀವೂ ಪ್ಲೇಯರ್ರಂತೆ?" ಎಂದು ಕೇಳಿದ್ದರು. ಜಾತಕ, ಅಡುಗೆ, ಯಾವುದನ್ನೂ ಕೇಳದೆ ಅದನ್ನು ಕೇಳಿದರಲ್ಲ ಎಂದು ನನಗೆ ಅಲ್ಲೇ ಮನಸ್ಸು ಬಂದಿತ್ತು.

ಮೊದಲ ಆರು ತಿಂಗಳು ಅಕ್ಕೂರಿನ ಮನೆಯಲ್ಲಿದ್ದೆವು. ಅಲ್ಲಿ ರೇಷ್ಮೆಹುಳು ಸಾಕುತ್ತಾರೆ. ಮನೆಯವರೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹಾಕುವುದು, ಮತ್ತೆ ಕೊಯ್ಯುವುದು. ಕೆಲಸಕ್ಕೆ ನಾನೆಂದೂ ಹೆದರಿದವಳಲ್ಲ. ಆದರೆ ನವೀನ್‌ಗೆ ಬಿಡದಿಗೆ ಹೋಗಿಬರುವುದರಲ್ಲೇ ಜೀವ ಹಣ್ಣಾಗುತ್ತಿತ್ತು. ಶಿಫ್ಟ್ ವಾರವಾರಕ್ಕೂ ಬದಲಾಗುತ್ತಿತ್ತು. ಅವರು ಬರುವ ಹೊತ್ತಿಗೆ ನಾನು ಸೊಪ್ಪಿನ ಹೊಲದಲ್ಲಿ, ನಾನು ಮನೆಗೆ ಬರುವ ಹೊತ್ತಿಗೆ ಅವರು ನಿದ್ದೆಯಲ್ಲಿ. ಕೊನೆಗೆ ಅವರೇ ಅವ್ವನಿಗೆ ಹೇಳಿದರು, ರಾಮನಗರದಲ್ಲಿ ಬಾಡಿಗೆ ಮನೆ ಮಾಡ್ತೀವಿ ಅಂತ.

ಅತ್ತೆ ಬೇಡವೆನ್ನಲಿಲ್ಲ. ಬದಲಿಗೆ ಹೊರಡುವ ಮುಂಚಿನ ದಿನ ನನ್ನನ್ನು ದೊಡ್ಡಮಳೂರಿಗೆ ಕರೆದುಕೊಂಡು ಹೋದರು. ಅಲ್ಲಿ ಅಪ್ರಮೇಯಸ್ವಾಮಿ ಗುಡಿಯೊಳಗೆ ಅಂಬೆಗಾಲಿಡುವ ಕೃಷ್ಣನಿದ್ದಾನೆ. ಮಕ್ಕಳಾಗಲಿ ಎಂದು ಹರಸಿಕೊಂಡವರು ಆಮೇಲೆ ಬಂದು ತೊಟ್ಟಿಲು ಕಟ್ಟಿ ಹೋಗುತ್ತಾರೆ. ಸಾಲಾಗಿ ಪುಟ್ಟ ಮರದ ತೊಟ್ಟಿಲುಗಳು ತೂಗುತ್ತಿದ್ದವು. ಅತ್ತೆ ನನ್ನ ಕೈಯಲ್ಲಿ ಬೆಣ್ಣೆ ಕೊಟ್ಟು, "ಒಸಿ ಮನ್ಸಿಟ್ಟು ಬೇಡ್ಕೊ ಮಗ. ಬೇರೆ ಮನೆ ಮಾಡೋದೇ ಇದಕ್ಕೆ ಅಂತ ತಿಳ್ಕೊ" ಎಂದರು. ನಾನು ಬೆಣ್ಣೆ ಕೊಟ್ಟೆ. ಏನು ಬೇಡಿಕೊಂಡೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಗೌರಿ ಹಬ್ಬದ ಮಾರನೇ ವಾರ ರಾಮನಗರಕ್ಕೆ ಬಂದೆವು. ಕೆಳಗೆ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಘಟಕ, ಮೇಲೆ ಒಂದು ರೂಮು, ಒಂದು ಅಡುಗೆಮನೆ. ಹೊರಗಿನಿಂದ ಸುತ್ತಿ ಸುತ್ತಿ ಹತ್ತುವ ಕಬ್ಬಿಣದ ಮೆಟ್ಟಿಲು, ಒಬ್ಬರು ಇಳಿಯುತ್ತಿದ್ದರೆ ಇನ್ನೊಬ್ಬರು ಕೆಳಗೇ ಕಾಯಬೇಕು. ಇದ್ದ ಒಂದೇ ಕಿಟಕಿ ಕೆಳಗಿನ ಒಲೆಯ ಹೊಗೆಕೊಳವೆಗೆ ಎದುರಾಗಿತ್ತು. ತೆರೆದರೆ ಹಬೆ, ವಾಸನೆ, ನೊಣ. ಮುಚ್ಚಿದರೆ ಸೆಕೆ. ಮುಚ್ಚಿಯೇ ಇಟ್ಟುಕೊಂಡೆ. ಫೋನಿಗೆ ಒಳಗೆ ಸಿಗ್ನಲ್ ಸಿಗುತ್ತಿರಲಿಲ್ಲ, ಮೆಟ್ಟಿಲ ತುದಿಯಲ್ಲಿ ಕಂಬಿ ಹಿಡಿದು ನಿಂತರೆ ಮಾತ್ರ ಸಿಗುತ್ತಿತ್ತು.

ಮೊದಲ ತಿಂಗಳು ಚೆನ್ನಾಗಿತ್ತು ಎಂದೇ ಹೇಳಬೇಕು. ಭಾನುವಾರ ಬೈಕಿನಲ್ಲಿ ಕಣ್ವ ಡ್ಯಾಮಿಗೆ ಹೋದೆವು, ಎರಡು ಸಲ ಸಿನಿಮಾ ನೋಡಿದೆವು. ಒಮ್ಮೆ ಬೈರಮಂಗಲದ ಕೆರೆ ನೋಡೋಣವೆಂದು ಹೋಗಿ, ನೀರಿನ ಮೇಲೆ ತೇಲುವ ನೊರೆ ಕಂಡು, "ನಮ್ ಕಿಟಕಿ ವಾಸ್ನೇನೇ ವಾಸಿ ಕಣೆ ಪವಿ" ಎಂದು ಅವರು ಬೈಕ್ ತಿರುಗಿಸಿದಾಗ ಇಬ್ಬರೂ ದಾರಿಯುದ್ದಕ್ಕೂ ನಕ್ಕಿದ್ದೆವು.

ಆಮೇಲೆ ಕಂಪನಿಗಳ ನಡುವಿನ ವಾಲಿಬಾಲ್ ಟೂರ್ನಿಮೆಂಟ್ ಬರುತ್ತದೆ ಎಂದಾಯಿತು. ಟೀಮಿನಲ್ಲಿ ಚೆನ್ನಾಗಿ ಆಡಿದವರನ್ನು ಪರ್ಮನೆಂಟ್ ಮಾಡುತ್ತಾರೆ ಎಂದು ಯಾರೋ ಹೇಳಿದ್ದರು. ಯಾರು ಹೇಳಿದ್ದು ಎಂದರೆ ಯಾರಿಗೂ ಗೊತ್ತಿಲ್ಲ, ನಂಬಿದವರು ಮಾತ್ರ ಎಲ್ಲರೂ. ಶಿಫ್ಟ್ ಮುಗಿದರೆ ಪ್ರಾಕ್ಟೀಸು, ಭಾನುವಾರ ಇಡೀ ದಿನ ಪ್ರಾಕ್ಟೀಸು. ನಾನು ಮೇಲೆ ಕೂತು ಕೆಳಗಿನ ಚರಕದ ಸದ್ದು ಕೇಳುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಶುರುವಾದರೆ ಸಂಜೆಯವರೆಗೂ ಒಂದೇ ರಾಗ. ಅದು ನಿಂತ ಮೇಲೂ ಕಿವಿಯಲ್ಲಿ ನಡೆಯುತ್ತಲೇ ಇರುತ್ತಿತ್ತು.

ಒಂದು ದಿನ ಬೆಳಗ್ಗೆ ಬೇಗ ಎದ್ದು ಹಳೆಯ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬೆಟ್ಟದ ಕಡೆಯ ರಸ್ತೆಯಲ್ಲಿ ಓಡಲು ಹೋದೆ. ಹೆಜ್ಜೆ ಭಾರವಾಗಿತ್ತು, ಉಸಿರು ಕಟ್ಟುತ್ತಿತ್ತು, ಆದರೂ ಮೈಯಲ್ಲಿ ರಕ್ತ ಹರಿದ ಹಾಗಾಯಿತು. ವಾಪಸು ಬರುವಾಗ ಮನೆ ಮಾಲೀಕರು ಗೇಟಿನಲ್ಲಿ ನಿಂತಿದ್ದರು. ನನಗೇನೂ ಹೇಳಲಿಲ್ಲ. ಸಂಜೆ ನವೀನ್‌ಗೆ ಹೇಳಿದರು. ನವೀನ್ ಊಟ ಮಾಡುತ್ತ, ಮುಖ ನೋಡದೆ, "ಒಬ್ಳೇ ಹೋಗ್ಬ್ಯಾಡ ಕಣೆ. ಟೂರ್ನಿಮೆಂಟ್ ಮುಗೀಲಿ, ನಾನೂ ಬತ್ತೀನಿ" ಎಂದರು. ಬೈದಿದ್ದರೆ ಜಗಳವಾಡಬಹುದಿತ್ತು. ಅಷ್ಟು ಮೆತ್ತಗೆ ಹೇಳಿದ್ದಕ್ಕೆ ಏನು ಹೇಳುವುದು? ಟ್ರ್ಯಾಕ್ ಪ್ಯಾಂಟ್ ಒಗೆದು ಮಡಿಚಿ ಟ್ರಂಕಿನಲ್ಲಿಟ್ಟೆ.

ಅಕ್ಕೂರಿನಿಂದ ಭಾನುವಾರಕ್ಕೊಮ್ಮೆ ಅತ್ತೆಯ ಫೋನ್ ಬರುತ್ತಿತ್ತು. ಊಟ, ಸೊಪ್ಪು, ಮಳೆ ಎಲ್ಲ ಕೇಳಿ ಹೇಳಿ ಮುಗಿದ ಮೇಲೆ, "ಇನ್ನೇನ್ ಮಗ, ವಿಶೇಷ?" ಎನ್ನುತ್ತಿದ್ದರು. ಮೆಟ್ಟಿಲ ತುದಿಯಲ್ಲಿ ನಿಂತು "ಏನೂ ಇಲ್ಲತ್ತೆ" ಎನ್ನುವುದು ಕೆಳಗೆ ಕೆಲಸ ಮಾಡುವವರಿಗೆಲ್ಲ ಕೇಳುತ್ತಿತ್ತು.

ಹಾಗೆ ಕೇಳಿಸಿಕೊಂಡವರಲ್ಲಿ ಶಾಹಿದಕ್ಕ ಒಬ್ಬರು. ನಲವತ್ತೈದರ ಹೆಂಗಸು, ಘಟಕದಲ್ಲಿ ಇಪ್ಪತ್ತು ವರ್ಷದಿಂದ ನೂಲು ಬಿಚ್ಚುತ್ತಿದ್ದವರು. ಒಂದು ದಿನ ನಾನು ನೀರು ತರಲು ಕೆಳಗಿಳಿದಾಗ, "ಮೇಲ್ಗಡೆ ಕೂತು ಕೂತು ಬಿಳ್ಚ್ಕೊಂಡ್ಬುಟ್ಟಿದ್ದೀಯಲ್ಲಮ್ಮಾ. ಓದಿರೋಳಂತೆ, ಎಲ್ಲಾದ್ರೂ ಅರ್ಜಿ ಹಾಕು" ಎಂದರು. ಅವರ ತಂಗಿಯ ಮಗಳು ಕನಕಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಓದುತ್ತಿದ್ದಳು, ಅಲ್ಲಿ ಪಿ.ಟಿ. ಟೀಚರ್ ಬಿಟ್ಟುಹೋಗಿದ್ದಾರಂತೆ ಎಂಬ ಸುದ್ದಿಯೂ ಅವರದೇ. ದಸರಾ ರಜೆ ಮುಗಿದ ವಾರ ನವೀನ್‌ಗೆ ಹೇಳಿಯೇ ಹೋಗಿ ಅರ್ಜಿ ಕೊಟ್ಟು ಬಂದೆ. ಹೆಡ್‌ಮೇಡಂ ನನ್ನ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ನೋಡಿ, "ಫೋನ್ ಮಾಡ್ತೀವಿ" ಎಂದರು. ನನ್ನ ಫೋನಿಗೆ ಮನೆಯಲ್ಲಿ ಸಿಗ್ನಲ್ ಇಲ್ಲವಲ್ಲ, ಎಲ್ಲಿ ತಪ್ಪಿಹೋಗುತ್ತದೋ ಎಂದು ಅರ್ಜಿಯಲ್ಲಿ ನವೀನ್ ನಂಬರ್ ಬರೆದಿದ್ದೆ.

ಕಾದೆ. ಆ ಕಾಯುವಿಕೆಗೆ ಒಂದು ರುಚಿಯಿತ್ತು. ಅವರು ಬಾಗಿಲಿಗೆ ಬಂದ ತಕ್ಷಣ, "ಕನಕಪುರದಿಂದ ಏನಾದ್ರೂ ಬಂತಾ?" ಎಂದು ಕೇಳುತ್ತಿದ್ದೆ. "ಇಲ್ಲ ಕಣೆ." ದೀಪಾವಳಿ ಬಂತು, ಹೋಯಿತು. ಇನ್ನೊಂದು ಸಲ ಕೇಳಿದಾಗ, "ಬೇರೆಯೋರ್ನ ತಗೊಂಡಿರ್ಬೇಕು ಬುಡು" ಎಂದರು. ಆಮೇಲೆ ಕೇಳುವುದನ್ನು ಬಿಟ್ಟೆ.

ಟೂರ್ನಿಮೆಂಟ್ ನಡೆದದ್ದು ಸಂಕ್ರಾಂತಿಯಾದ ಮೇಲೆ. ಸೆಮಿಫೈನಲ್ ನೋಡಲು ನನ್ನನ್ನೂ ಕರೆದುಕೊಂಡು ಹೋಗಿದ್ದರು. ನವೀನ್ ಆಡುವುದನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ನೆಟ್ ಹತ್ತಿರ ಮೇಲಕ್ಕೆ ಹಾರಿದಾಗ ಒಂದು ಕ್ಷಣ ಗಾಳಿಯಲ್ಲೇ ನಿಂತುಬಿಟ್ಟರೇನೋ ಅನ್ನಿಸುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ಅದನ್ನು ಮುಚ್ಚಿಡುವುದೇಕೆ? ಎರಡನೇ ಸೆಟ್ಟಿನಲ್ಲಿ ಹಾಗೆ ಹಾರಲು ಕಾಲೂರಿದಾಗ ಚಾಟಿ ಬೀಸಿದಂಥ ಸದ್ದಾಯಿತು. ಅವರು ತಿರುಗಿ ಹಿಂದೆ ನೋಡಿದರು, ಯಾರೋ ಒದ್ದರು ಅಂದುಕೊಂಡು. ಹಿಂದೆ ಯಾರೂ ಇರಲಿಲ್ಲ. ಆಮೇಲೆ ಕುಸಿದು ಕೂತರು.

ಹಿಮ್ಮಡಿಯ ಮೇಲಿನ ದಪ್ಪ ನರ ಕಿತ್ತುಹೋಗಿತ್ತು. ಆಪರೇಷನ್ ಆಯಿತು, ಮೊಣಕಾಲವರೆಗೆ ಪ್ಲಾಸ್ಟರ್ ಬಂತು. ಮೂರು ತಿಂಗಳು ಆ ಕಾಲನ್ನು ನೆಲಕ್ಕೆ ಊರುವಂತಿಲ್ಲ ಎಂದರು ಡಾಕ್ಟರು. ಕಾರ್ಖಾನೆಯವರು, "ವಾಸಿಯಾಗ್ಲಿ, ಆಮೇಲೆ ನೋಡೋಣ" ಎಂದರು. ಆ ಮಾತಿನ ಅರ್ಥ ನಮ್ಮಿಬ್ಬರಿಗೂ ಗೊತ್ತಾಯಿತು. ಇಬ್ಬರು ಸ್ನೇಹಿತರು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಆ ಸುತ್ತುಮೆಟ್ಟಿಲಲ್ಲಿ ತಿರುಗಿಸಿ ತಿರುಗಿಸಿ ಮೇಲಕ್ಕೆ ಹೊತ್ತು ತಂದಿಟ್ಟರು. ಅತ್ತೆ ಬಂದು ಅತ್ತು, ಅಕ್ಕೂರಿಗೆ ಬಂದುಬಿಡಿ ಎಂದು ಕರೆದರು. ನವೀನ್ ಒಪ್ಪಲಿಲ್ಲ. "ಬೇರೆ ಮನೆ ಮಾಡ್ತೀನಿ ಅಂತ ಬಂದೋನು ಕುಂಟ್ಕೊಂಡು ವಾಪಸ್ ಹೋಗಕ್ಕಿಲ್ಲ" ಎಂದರು.

ಈಗ ಆ ಮುಚ್ಚಿದ ಕಿಟಕಿಯ ಪಕ್ಕ ಅವರು ಕೂತರು. ನಾನು ಕೆಳಗೆ ಹೋಗಿ ಕೆಲಸಕ್ಕೆ ಸೇರಿದೆ. ಬೇರೆ ದಾರಿ ಇರಲಿಲ್ಲ, ಅವರನ್ನು ಬಿಟ್ಟು ದೂರ ಹೋಗುವಂತೆಯೂ ಇರಲಿಲ್ಲ. ಶಾಹಿದಕ್ಕನೇ ಹೇಳಿಕೊಟ್ಟರು. ಬಿಸಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಎಳೆಯ ತುದಿ ಹುಡುಕಿ, ಏಳೆಂಟು ಸೇರಿಸಿ, ಚರಕಕ್ಕೆ ಕೊಡಬೇಕು. ಎಳೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯಬೇಕು. ಮೊದಲ ವಾರದಲ್ಲೇ ಬೆರಳ ತುದಿಗಳು ಬೆಳ್ಳಗಾಗಿ ಚರ್ಮ ಸುಲಿಯಿತು. ಸಾರಿಗೆ ಉಪ್ಪು ಹಾಕುವಾಗ ಉರಿಯುತ್ತಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ತಲೆಗೂದಲಿನ ವಾಸನೆ ಹೋಗುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮೇಲೆ ಹೋದರೆ ನವೀನ್ ಗೋಡೆಗೆ ಒರಗಿ ಕೂತಿರುತ್ತಿದ್ದರು. ಮೊದಮೊದಲು ಮಾತಾಡುತ್ತಿದ್ದರು. ಆಮೇಲಾಮೇಲೆ ನಾನು ಬಂದ ತಕ್ಷಣ, "ಎಷ್ಟೊತ್ತಾಯ್ತು ನೀ ಹೋಗಿ?" ಎಂದು ರೇಗುತ್ತಿದ್ದರು. ಹನ್ನೆರಡು ಮೆಟ್ಟಿಲ ಕೆಳಗಿದ್ದವಳು ಎಲ್ಲಿಗೆ ಹೋಗಲಿ? ಒಂದು ದಿನ ಅವರೇ ಹೇಳಿದರು, "ಈ ಚರಕದ ಸದ್ದು ತಲೆ ತಿಂತೈತೆ ಕಣೆ. ನೀನೆಂಗಿದ್ದೆ ಇಲ್ಲಿ, ಅಷ್ಟ್ ತಿಂಗ್ಳು?"

"ಹಿಂಗೇ" ಎಂದೆ. ಅವರು ನನ್ನ ಕೈ ನೋಡಿದರು, ಆಮೇಲೆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಶಿವರಾತ್ರಿ ಕಳೆದಿತ್ತು. ಪ್ಲಾಸ್ಟರ್ ತೆಗೆದಿದ್ದರು, ಕಾಲಿಗೆ ವ್ಯಾಯಾಮ ಮಾಡಿಸುವವರಿಗೆ ಫೋನ್ ಮಾಡಬೇಕಿತ್ತು. ನವೀನ್ ಸ್ನಾನದ ಮನೆಯಲ್ಲಿದ್ದರು. ಅವರ ಫೋನ್ ತೆಗೆದುಕೊಂಡು ನಂಬರಿಗಾಗಿ ಹೆಸರುಗಳನ್ನು ಸರಿಸುತ್ತ ಹೋದೆ. ನಡುವೆ ಒಂದು ಹೆಸರು: 'ಕನಕಪುರ ಸ್ಕೂಲ್ ಪವಿ'.

ಬಂದೇ ಇಲ್ಲವೆಂದ ಫೋನಿನ ನಂಬರ್ ಇವರ ಹತ್ತಿರ ಹೇಗೆ ಬಂತು? ಅವರು ಗೋಡೆ ಹಿಡಿದು ಒಂಟಿಕಾಲಲ್ಲಿ ಹೊರಗೆ ಬರುವವರೆಗೆ ಫೋನ್ ಹಿಡಿದೇ ನಿಂತಿದ್ದೆ. ಹಿಡಿದು ಕೂರಿಸಿದೆ, ಕಾಲ ಕೆಳಗೆ ದಿಂಬಿಟ್ಟೆ, ಆಮೇಲೆ ತೋರಿಸಿದೆ.

"ಇದೇನ್ರೀ?"

ಅವರು ತಮ್ಮ ಕಾಲನ್ನೇ ನೋಡುತ್ತ ಕೂತರು. "ದೀಪಾವಳಿ ಮುಂದೆ ಫೋನ್ ಬಂದಿತ್ತು. ನಾನ್ ಶಿಫ್ಟಲ್ಲಿದ್ದೆ. ಆಚೆ ಬಂದ್ಮೇಲೆ ನಾನೇ ಮಾಡ್ದೆ."

"ಏನಂದ್ರು?"

"ಸೋಮವಾರದಿಂದ ಬಂದು ಸೇರ್ಕೊಳ್ಲಿ ಅಂದ್ರು."

"ನೀವೇನಂದ್ರಿ?"

"ನಿಂಗಿಷ್ಟ ಇಲ್ಲ ಅಂದ್ಬುಟ್ಟೆ."

ಕೋಪ ತಕ್ಷಣ ಬರಲಿಲ್ಲ. ಬಾಗಿಲಿಗೆ ಬಂದ ತಕ್ಷಣ ನಾನು ಕೇಳುತ್ತಿದ್ದ ಪ್ರಶ್ನೆ, ಅವರು ಶೂ ಬಿಚ್ಚುತ್ತ ಹೇಳುತ್ತಿದ್ದ ಉತ್ತರ, ಅವೇ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು.

"ನೀ ಬೆಳಗ್ಗೆ ಏಳಕ್ಕೆ ಬಸ್ ಹತ್ತಿದ್ರೆ ಸಂಜೆ ಆರಕ್ಕೆ ಬತ್ತಿದ್ದೆ" ಎಂದು ಅವರೇ ಮುಂದುವರಿಸಿದರು. "ನಂದು ಸೆಕೆಂಡ್ ಶಿಫ್ಟಾದ್ರೆ ವಾರವೆಲ್ಲ ಮುಖ ನೋಡಂಗಿರ್ಲಿಲ್ಲ. ಅದಕ್ಕಾ ನಾವು ಮನೆ ಬುಟ್ಟು ಬಂದಿದ್ದು ಅನ್ನಿಸ್ತು. ಅವ್ವ ಬೇರೆ ಫೋನ್ ಮಾಡ್ದಾಗೆಲ್ಲ ವಿಶೇಷ ಏನು ಅಂತ ಕೇಳ್ತಿದ್ಳು."

"ನಂಗೆ ಹೇಳ್ಬೋದಿತ್ತಲ್ಲ."

"ಹೇಳಿದ್ರೆ ನೀ ಹೋಯ್ತೀನಿ ಅಂತಿದ್ದೆ."

ಮರುದಿನ ಬೆಳಗ್ಗೆ ಅವರ ಪಕ್ಕ ನೀರಿನ ಚೊಂಬು, ಒಂದು ಬಾಳೆಹಣ್ಣು ಇಟ್ಟು, ಎಲ್ಲಿಗೆ ಎಂದು ಹೇಳದೆ ಕನಕಪುರದ ಬಸ್ ಹತ್ತಿದೆ.

ಹೆಡ್‌ಮೇಡಂಗೆ ನನ್ನ ಗುರುತು ಸಿಕ್ಕಿತು. "ನಿಮ್ಮ ಯಜಮಾನ್ರು ಬೇಡ ಅಂದ್ರಲ್ಲಮ್ಮ" ಎಂದರು.

"ನಂಗೆ ಗೊತ್ತಿರ್ಲಿಲ್ಲ ಮೇಡಂ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಜಾಗಕ್ಕೆ ತೆಗೆದುಕೊಂಡವರು ಈ ಶೈಕ್ಷಣಿಕ ವರ್ಷದ ಕೊನೆಗೆ ಬಿಡುತ್ತಾರೆ, ಜೂನ್‌ಗೆ ಮತ್ತೆ ಬೇಕಾಗುತ್ತದೆ, ಆದರೆ, ಎಂದು ನಿಲ್ಲಿಸಿದರು. "ನೋಡಿಮ್ಮ, ಮನೇಲಿ ಒಪ್ಪದೆ ಬಂದವರು ಮಧ್ಯದಲ್ಲಿ ಬಿಟ್ಟು ಹೋಗ್ತಾರೆ. ಮಕ್ಕಳ ಟೀಮು ಅರ್ಧಕ್ಕೇ ಒಡೆದು ಹೋಗುತ್ತೆ. ಇಬ್ಬರು ಹಾಗೆ ಹೋಗಿದ್ದಾರೆ ನಮ್ಮ ಶಾಲೆಯಿಂದ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆಗಲಿ ಎಂದು ಎದ್ದು ಬಂದೆ. ಬಸ್ ನಿಲ್ದಾಣದಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಮಾಗಡಿಗೆ ಹೋಗುವ ಬಸ್ ಬಂದು ನಿಂತಿತು. ಅದು ಹೋಗುವುದೂ ರಾಮನಗರದ ಮೇಲೆಯೇ. ಹತ್ತಿದೆ. ಹೆಂಗಸರಿಗೆ ಟಿಕೆಟ್ ಉಚಿತ, ಆದರೂ ಕಂಡಕ್ಟರ್ ಕೇಳಬೇಕಲ್ಲ, "ಎಲ್ಲಿಗಮ್ಮಾ?" ಎಂದರು.

"ಮಾಗಡಿ" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

ಅಲ್ಲಿಂದ ರಾಮನಗರದವರೆಗೂ ತವರಿನ ಬಾಗಿಲಲ್ಲಿ ಅಮ್ಮನಿಗೆ ಏನು ಹೇಳುವುದೆಂದು ಮಾತು ಜೋಡಿಸುತ್ತಿದ್ದೆ. ಬಂಡೆಗಳು ಕಾಣತೊಡಗಿದವು, ಊರು ಬಂತು, ನಿಲ್ದಾಣದಲ್ಲಿ ಬಸ್ ನಿಂತಿತು. "ಹತ್ ನಿಮಿಷ ನಿಲ್ತದೆ, ಟೀ ಕುಡಿಯೋರು ಕುಡೀರಿ" ಎಂದು ಕೂಗಿ ಕಂಡಕ್ಟರ್ ಇಳಿದರು. ನಾನು ಕಿಟಕಿಯ ಕಂಬಿ ಹಿಡಿದು ಕೂತೆ. ಗಂಟೆ ಎರಡೂವರೆ. ಬೆಳಗ್ಗೆ ಇಟ್ಟದ್ದು ಒಂದೇ ಬಾಳೆಹಣ್ಣು. ಒಲೆಯವರೆಗೆ ಅವರು ಹೋಗಲಾರರು. ಹೋದರೂ ಪಾತ್ರೆ ಹಿಡಿದು ಒಂಟಿಕಾಲಲ್ಲಿ ನಿಲ್ಲಲಾರರು.

ಪ್ರೀತಿಯಿಂದ ಇಳಿದೆ ಎಂದರೆ ಸುಳ್ಳಾಗುತ್ತದೆ. ಹಸಿದ ಮನುಷ್ಯನನ್ನು ಮಹಡಿಯ ಮೇಲೆ ಬಿಟ್ಟು ಹೋಗಲು ನನ್ನಿಂದ ಆಗಲಿಲ್ಲ, ಅಷ್ಟೇ. "ಅಮ್ಮಾ, ಮಾಗಡಿ ಅಂದಿದ್ರಲ್ಲ?" ಎಂದು ಕಂಡಕ್ಟರ್ ಟೀ ಲೋಟ ಹಿಡಿದು ಕೂಗಿದ್ದು ಕೇಳಿಸಿತು. ತಿರುಗಿ ನೋಡದೆ ನಡೆದೆ.

ಮೆಟ್ಟಿಲ ತುದಿಯಲ್ಲಿ ನವೀನ್ ನೆಲಕ್ಕೆ ಕೂತಿದ್ದರು. ಅಲ್ಲಿಯವರೆಗೆ ತೆವಳಿಕೊಂಡು ಬಂದಿದ್ದರು. ಪಕ್ಕದಲ್ಲಿ ಖಾಲಿ ಡಬ್ಬಿಯಿತ್ತು. ಶಾಹಿದಕ್ಕ ಮಧ್ಯಾಹ್ನವೇ ಅನ್ನ ಸಾರು ಕೊಟ್ಟು ಹೋಗಿದ್ದರಂತೆ. ಅವರು ಹೊಟ್ಟೆತುಂಬ ಉಂಡಿದ್ದರು. ಯಾವುದಕ್ಕಾಗಿ ನಾನು ಬಸ್ಸಿನಿಂದ ಇಳಿದೆನೋ ಅದು ಇರಲೇ ಇಲ್ಲ. ನನಗೆ ಆಗ ಅಳು ಬಂತು. ಹಿಂದಿನ ದಿನ ಬಾರದ ಕೋಪವೆಲ್ಲ ಆ ಖಾಲಿ ಡಬ್ಬಿ ನೋಡಿ ಬಂತು. ಏನೇನು ಬೈದೆನೋ ನೆನಪಿಲ್ಲ.

ಅದಾದ ಮೇಲೆ ಒಂದು ವಾರಕ್ಕೂ ಹೆಚ್ಚು ಇಬ್ಬರೂ ಮಾತಾಡಲಿಲ್ಲ. ಒಂದೇ ರೂಮು. ಅವರು ಗೋಡೆ ಕಡೆ, ನಾನು ಬಾಗಿಲ ಕಡೆ. ಬಡಿಸುತ್ತಿದ್ದೆ, ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ, ವ್ಯಾಯಾಮಕ್ಕೆ ಪಾದ ಹಿಡಿದು ಮೇಲೆ ಕೆಳಗೆ ಆಡಿಸುತ್ತಿದ್ದೆ. ಆ ಕಾಲು ನನ್ನ ಕೈಯಲ್ಲಿ ಕಡ್ಡಿಯ ಹಾಗೆ ತೆಳ್ಳಗಾಗಿತ್ತು. ಬಿಡಿಸಿಕೊಂಡು ಹೋಗುವ ದಾರಿ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ನಾನು ಊಟಕ್ಕೆಂದು ಹತ್ತಿದಾಗ ನವೀನ್ ಮತ್ತೆ ಮೆಟ್ಟಿಲ ತುದಿಯಲ್ಲಿ ಕಂಬಿ ಹಿಡಿದು ನಿಂತಿದ್ದರು. "ಒಸಿ ಇಲ್ಲೇ ನಿಂತ್ಕೊ" ಎಂದರು. ಫೋನಿನಲ್ಲಿ ನಂಬರ್ ಒತ್ತಿ, ಸ್ಪೀಕರ್ ಹಾಕಿದರು. ಕೆಳಗೆ ಅಂಗಳದಲ್ಲಿ ಶಾಹಿದಕ್ಕ ಮತ್ತು ಉಳಿದ ಮೂವರು ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಚರಕ ನಿಂತಿತ್ತು. ಮೇಲೆ ಸೂಜಿ ಬಿದ್ದರೂ ಕೆಳಗೆ ಕೇಳುವ ಹೊತ್ತು ಅದು. ಅದು ಅವರಿಗೆ ಗೊತ್ತಿತ್ತು.

"ಮೇಡಂ, ನಾನು ಪವಿತ್ರ ಗಂಡ ಮಾತಾಡೋದು, ರಾಮನಗರದಿಂದ."

ಆ ಕಡೆಯಿಂದ ಸರಿಯಾಗಿ ಕೇಳಿಸುತ್ತಿಲ್ಲ ಎಂದರು. ನವೀನ್ ಗಂಟಲು ಸರಿಮಾಡಿಕೊಂಡು ಜೋರಾಗಿ ಹೇಳಿದರು.

"ದೀಪಾವಳಿ ಮುಂದೆ ನೀವು ಫೋನ್ ಮಾಡಿದ್ರಲ್ಲ ಮೇಡಂ, ಅವ್ಳು ಬ್ಯಾಡ ಅಂದಿರ್ಲಿಲ್ಲ. ಅವ್ಳಿಗೆ ನಾನು ಹೇಳೇ ಇರ್ಲಿಲ್ಲ. ಸುಳ್ಳು ಹೇಳಿದ್ದು ನಾನು."

ಕೆಳಗೆ ಯಾರೋ ತುತ್ತು ಬಾಯಿಗಿಡುವುದನ್ನು ನಿಲ್ಲಿಸಿದರು. ನವೀನ್ ಕಿವಿ ಕೆಂಪಾಗಿತ್ತು. ಆಮೇಲೆ, "ಅವರಿದ್ರೆ ಫೋನ್ ಕೊಡಿ" ಎಂದರು ಹೆಡ್‌ಮೇಡಂ.

"ಕೇಳಿಸ್ಕೊಂಡೆ ಮೇಡಂ, ಇಲ್ಲೇ ಇದೀನಿ" ಎಂದೆ.

"ಜೂನ್ ಒಂದನೇ ತಾರೀಕಿಂದ ಬರ್ತೀರೇನಮ್ಮ?"

ನವೀನ್ ನನ್ನ ಮುಖ ನೋಡುತ್ತ ತಲೆಯಾಡಿಸಿದರು, ಹೂಂ ಅನ್ನು ಎನ್ನುವ ಹಾಗೆ. ಕೆಳಗೆ ಶಾಹಿದಕ್ಕನೂ ಕತ್ತೆತ್ತಿ ಅದನ್ನೇ ಹೇಳುವಂತೆ ನೋಡುತ್ತಿದ್ದರು. ಎಷ್ಟು ತಿಂಗಳಿಂದ ನಾನು ಕಾದಿದ್ದ ಮಾತು. ಆದರೆ ಅವರು ತಲೆಯಾಡಿಸಿದ್ದು ಕಂಡ ತಕ್ಷಣ ಬಾಯಿಗೆ ಬಂದಿದ್ದ ಹೂಂ ಅನ್ನು ನುಂಗಿಕೊಂಡೆ. ಅಂದು ಬೇಡ ಎಂದವರೂ ಇವರೇ, ಇಂದು ಹೂಂ ಎನ್ನುವವರೂ ಇವರೇ.

"ಯೋಚ್ನೆ ಮಾಡಿ ಹೇಳ್ತೀನಿ ಮೇಡಂ" ಎಂದೆ.

"ಸರಿ, ಸೋಮವಾರದೊಳಗೆ ಹೇಳಿ" ಎಂದು ಅವರು ಫೋನ್ ಇಟ್ಟರು.

"ಇದಕ್ಕೆ ಯೋಚ್ನೆ ಮಾಡದು ಏನೈತೆ?" ನವೀನ್ ಕಂಗಾಲಾಗಿ ಕೇಳಿದರು.

"ಐತೆ" ಎಂದು ಒಳಗೆ ಹೋಗಿ ಅನ್ನಕ್ಕೆ ಇಟ್ಟೆ.

ಶುಕ್ರವಾರ ಒಮ್ಮೆ ಕೇಳಿದರು, ಶನಿವಾರ ಎರಡು ಸಲ. ನಾನು ಹೇಳಲಿಲ್ಲ. ಹಟಕ್ಕಲ್ಲ, ನನಗೇ ಗೊತ್ತಿರಲಿಲ್ಲ. ಕನಕಪುರಕ್ಕೆ ಹೋಗಬೇಕು, ಅದು ಸರಿ. ಇವರೊಂದಿಗೆ ಹೋಗಬೇಕೇ, ಒಬ್ಬಳೇ ಹೋಗಬೇಕೇ? ಭಾನುವಾರ ಬೆಳಗ್ಗೆ ಉಪ್ಪಿಟ್ಟು ಮಾಡಿಟ್ಟು, ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, "ಬೆಟ್ಟಕ್ಕೆ ಹೋಗ್ಬತ್ತೀನಿ" ಎಂದೆ. ಅವರು ಒಬ್ಬಳೇನಾ ಎನ್ನಲಿಲ್ಲ. ರಾಮದೇವರ ಬೆಟ್ಟದ ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿದೆ. ಮೇಲೆ ಗಾಳಿ ಬೀಸುತ್ತಿತ್ತು. ಪಕ್ಕದ ಬಂಡೆಗೆ ಹಗ್ಗ ಕಟ್ಟಿಕೊಂಡು ಹತ್ತುತ್ತಿದ್ದ ಒಂದು ಹುಡುಗಿ ನಡುದಾರಿಯಲ್ಲಿ ಸಿಕ್ಕಿಕೊಂಡು, ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಬರಲಾರದೆ ಕೂಗುತ್ತಿದ್ದಳು. ಕೆಳಗಿದ್ದ ಅವಳ ಜೊತೆಗಾರ ಹಗ್ಗ ಬಿಗಿಹಿಡಿದು, "ನಿಧಾನ, ಅವಸರ ಇಲ್ಲ, ನಾನಿಲ್ಲೇ ಇದೀನಿ" ಎನ್ನುತ್ತಿದ್ದ. ಅವಳು ಇಳಿಯುವವರೆಗೂ ನೋಡುತ್ತ ಕೂತಿದ್ದೆ. ನನಗೆ ನೆನಪಾದದ್ದು ಗುರುವಾರದ ಆ ಫೋನು. ನಾಲ್ಕು ಜನ ಕೇಳುವಂತೆ ತಪ್ಪು ಒಪ್ಪಿಕೊಳ್ಳುವ ಗಂಡಸನ್ನು ನನ್ನ ತವರಿನಲ್ಲಾಗಲಿ ಅಕ್ಕೂರಿನಲ್ಲಾಗಲಿ ನಾನು ನೋಡಿರಲಿಲ್ಲ.

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಂಗಳದಿಂದಲೇ ಫೋನ್ ಮಾಡಿದೆ. ಬರುತ್ತೇನೆಂದು ಹೇಳಿದೆ. ಶಾಲೆಯ ಹತ್ತಿರ ಎಲ್ಲಾದರೂ ಬಾಡಿಗೆ ಮನೆ ಇದ್ದರೆ ತಿಳಿಸಿ ಎಂದೂ ಕೇಳಿದೆ. ಮೊದಲು ಹೇಳಿದ್ದು ಶಾಹಿದಕ್ಕನಿಗೆ. ಅವರು ಬಿಸಿನೀರಿನ ಕೈಯಲ್ಲೇ ನನ್ನ ಕೆನ್ನೆ ಹಿಡಿದರು. ನವೀನ್‌ಗೆ ಸಂಜೆ, ಕೆಲಸ ಮುಗಿಸಿ ಹೋಗಿ ಹೇಳಿದೆ.

ಅವರು "ಮನೆ ಒಬ್ರಿಗಾ, ಇಬ್ರಿಗಾ?" ಎಂದು ಕೇಳಿದರು.

"ಇಬ್ರಿಗೆ ಅಂತ ಹೇಳಿದ್ದೀನಿ. ಬರೋದಾದ್ರೆ ಬನ್ನಿ."

ಮೇ ಕೊನೆಯಲ್ಲಿ ಕನಕಪುರಕ್ಕೆ ಬಂದೆವು. ನವೀನ್ ಈಗ ಬೈಕಿನ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಾರೆ. ಇನ್ನು ಹಾರುವಂತಿಲ್ಲ. ಭಾನುವಾರ ನಮ್ಮ ಶಾಲೆಯ ಮೈದಾನಕ್ಕೆ ಬಂದು ಹುಡುಗಿಯರಿಗೆ ವಾಲಿಬಾಲ್ ಸರ್ವಿಸ್ ಹೇಳಿಕೊಡುತ್ತಾರೆ. ಅತ್ತೆಗೆ ನಾನು ಶಾಲೆಯ ಕೆಲಸಕ್ಕೆ ಹೋಗುವುದು ಇನ್ನೂ ಪೂರ್ತಿ ಹಿಡಿಸಿಲ್ಲ. ನಾವು ಚೆನ್ನಾಗಿದ್ದೇವೆ ಎಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ.

ಆದರೂ ಅವರ ಫೋನ್ ರಿಂಗಾಗಿ, ಅವರು ಎದ್ದು ಹೊರಗೆ ಹೋದರೆ, ನನ್ನ ಕೈಕೆಲಸ ಒಂದು ಗಳಿಗೆ ನಿಂತುಹೋಗುತ್ತಿತ್ತು. ತರಕಾರಿ ಹೆಚ್ಚುತ್ತಿದ್ದರೆ ಚಾಕು ನಿಲ್ಲುತ್ತಿತ್ತು. ಬೇಕೆಂದು ಮಾಡುತ್ತಿದ್ದದ್ದಲ್ಲ, ಕಿವಿ ತಾನಾಗಿ ಆ ಕಡೆ ಹೋಗುತ್ತಿತ್ತು. ಇದನ್ನು ನಾನು ಅವರಿಗೆ ಹೇಳಿದವಳಲ್ಲ. ಆದರೆ ಈಚೆಗೆ ಅವರು ಫೋನ್ ಬಂದರೆ ಹೊರಗೆ ಹೋಗುವುದಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ನನಗೆ ಕೇಳಿಸುವಷ್ಟು ಜೋರಾಗಿ ಮಾತಾಡುತ್ತಾರೆ.